ಒಂದೇ ಗಿಡದ ಬೀಜ, ಹಲವು ಬಗೆಯ ಸಸಿ

ಪ್ರಶ್ನೆ: ಒಳ್ಳೆಯ ಫಸಲು ಕೊಡುವ ಒಂದೇ ರೊಬಸ್ಟಾ ಕಾಫಿ ಗಿಡದಿಂದ ಬೀಜ ಆರಿಸಿ ನರ್ಸರಿ ಮಾಡಿದೆವು. ಸಸಿಗಳು ಒಂದರಂತೆ ಒಂದಿಲ್ಲ. ಅರೇಬಿಕಾ ಸಸಿಗಳು ಮಾತ್ರ ಬಹುಮಟ್ಟಿಗೆ ತಾಯಿಗಿಡದಂತೆಯೇ ಇವೆ. ಅರೇಬಿಕಾದಲ್ಲಿ ವರ್ಣತಂತುಗಳು ತುಂಡುಗಳನ್ನು ಬದಲಾಯಿಸಿಕೊಳ್ಳುವುದಿಲ್ಲವೆ?
– ಬೆಳೆಗಾರರೊಬ್ಬರು, ಸಿದ್ದಾಪುರ, ಕೊಡಗು

ಉತ್ತರ: ಗುಣಗಳನ್ನು ಹೊತ್ತ ಡಿಎನ್‌ಎ ಎಳೆಗಳಾದ ವರ್ಣತಂತುಗಳು ಎರಡರಲ್ಲೂ ತುಂಡುಗಳನ್ನು ಬದಲಾಯಿಸಿಕೊಳ್ಳುತ್ತವೆ. ಆದರೆ ಬದಲಾಗುವ ತುಂಡುಗಳು ಒಂದಕ್ಕೊಂದು ಎಷ್ಟು ಭಿನ್ನವಾಗಿವೆ ಎಂಬುದನ್ನು ನೋಡಬೇಕು.

ರೊಬಸ್ಟಾದ ಜೀವಕೋಶದಲ್ಲಿ 22 ವರ್ಣತಂತುಗಳು, ಅಂದರೆ 11 ಜೋಡಿಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಗಿಡದಿಂದ, ಇನ್ನೊಂದು ಪರಾಗ ಕೊಟ್ಟ ಗಿಡದಿಂದ ಬಂದದ್ದು. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ನಡೆಯುವ ಮಿಯಾಸಿಸ್ ಎಂಬ ಕೋಶವಿಭಜನೆಯಲ್ಲಿ ಈ ಜೊತೆಗಾರರು ಮೊದಲು ಒಬ್ಬರನ್ನೊಬ್ಬರು ಗುರುತಿಸಬೇಕು. ಅದು ಆರಂಭವಾಗುವ ಬಗೆ ವಿಚಿತ್ರವೇ ಸರಿ: ಸ್ಪೋ11 ಎಂಬ ಪ್ರೋಟೀನಿನ ನೆರವಿನಿಂದ ಜೀವಕೋಶ ತನ್ನ ಡಿಎನ್‌ಎಯನ್ನು ತಾನೇ ಹಲವೆಡೆ ಕತ್ತರಿಸುತ್ತದೆ, ಕಡಿದ ತುದಿಯು ಜೊತೆಗಾರ ವರ್ಣತಂತುವಿನಲ್ಲಿ ತನಗೆ ಹೊಂದುವ ಭಾಗವನ್ನು ಅರಸಿ, ಅದನ್ನೇ ಮಾದರಿಯಾಗಿಟ್ಟುಕೊಂಡು ದುರಸ್ತಿಯಾಗುತ್ತದೆ. ಇಷ್ಟರಲ್ಲಿ ಇಬ್ಬರ ನಡುವೆ ಉದ್ದಕ್ಕೂ ಏಣಿಯಂತಹ ಪ್ರೋಟೀನ್ ರಚನೆ ಬೆಳೆದು ಜೋಡಿಯನ್ನು ಬಿಗಿಯುತ್ತದೆ. ಹೆಚ್ಚಿನ ಕಡಿತಗಳು ದೊಡ್ಡ ವಿನಿಮಯವಿಲ್ಲದೆ ಕೂಡಿಕೊಳ್ಳುತ್ತವೆ, ಕೆಲವೆಡೆ ಮಾತ್ರ ತುಂಡುಗಳು ಅದಲುಬದಲಾಗುತ್ತವೆ. ಆ ಕೆಲವೂ ಇಲ್ಲದಿದ್ದರೆ ಜೋಡಿ ಬೇಗನೆ ಸಡಿಲಗೊಂಡು, ವರ್ಣತಂತುಗಳ ಹಂಚಿಕೆಯೇ ತಪ್ಪಬಹುದು. ತುಂಡುಗಳೊಂದಿಗೆ ಗುಣಗಳೂ ಬದಲಾಗುತ್ತವೆ ಎಂಬುದನ್ನು 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ತೋರಿಸಿಕೊಟ್ಟರು.

ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಅದರ ಜೊತೆಗಾರ ವರ್ಣತಂತುಗಳು ಬೇರೆ ಬೇರೆ ಗಿಡಗಳಿಂದ ಬಂದವು, ಗುಣದಲ್ಲೂ ಬೇರೆ. ತುಂಡುಗಳ ವಿನಿಮಯವನ್ನು ಬದಿಗಿಟ್ಟರೂ 11 ಜೋಡಿಗಳು 2,048 ಬಗೆಯಲ್ಲಿ ಹಂಚಿಹೋಗಬಲ್ಲವು. ವಿನಿಮಯ ಸೇರಿದರೆ ಲೆಕ್ಕವಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಯ ನಂತರ ಪಕ್ಕದ ಗಿಡಗಳಿಂದ ಬಂದ ಪರಾಗದ ಪಾಲು ಇದರ ಮೇಲೆ.

ಅರೇಬಿಕಾ ಎರಡು ಕಾಫಿ ಪ್ರಭೇದಗಳ ಕೂಡಿಕೆಯಿಂದ ಹುಟ್ಟಿದ್ದು, ಅವುಗಳಲ್ಲಿ ಒಂದು ರೊಬಸ್ಟಾದ್ದೇ. ಅದರ 44 ವರ್ಣತಂತುಗಳು ಸಾಮಾನ್ಯವಾಗಿ ಆಯಾ ಮೂಲದ ಜೊತೆಗಾರನೊಂದಿಗೇ ಜೋಡಿಯಾಗುತ್ತವೆ. ಈ ಗಿಡ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ, ತಲೆಮಾರುಗಳು ಕಳೆದಂತೆ ಜೊತೆಗಾರರು ಬಹುಪಾಲು ಒಂದೇ ತೆರನಾಗಿರುತ್ತಾರೆ. ಒಂದೇ ತೆರನಾದ ತುಂಡುಗಳು ಸ್ಥಾನ ಬದಲಿಸಿದರೆ ಸಸಿಯಲ್ಲಿ ಏನೂ ಕಾಣದು. ಎರಡು ಅರೇಬಿಕಾ ತಳಿಗಳ ಹೊಸ ಮಿಶ್ರಣವಾದರೆ ಮುಂದಿನ ತಲೆಮಾರಿನ ಸಸಿಗಳೂ ಭಿನ್ನವಾಗುತ್ತವೆ.

ನಿಮ್ಮ ರೊಬಸ್ಟಾ ಗಿಡದಂತಹುದೇ ಬೇಕಿದ್ದರೆ, ನೇರವಾಗಿ ಮೇಲೇಳುವ ಚಿಗುರಿನ ತುಂಡಿನಿಂದ ಸಸಿ ಮಾಡಿ. ಅಲ್ಲಿ ಮಿಯಾಸಿಸ್‌ಗೆ ಎಡೆಯೇ ಇಲ್ಲ. ಇಡೀ ತಾಕಿಗೆ ಒಂದೇ ಗಿಡದ ತುಂಡುಗಳನ್ನು ನೆಡಬೇಡಿ, ಅವು ಒಂದರ ಪರಾಗವನ್ನು ಇನ್ನೊಂದು ಒಪ್ಪದೆ ಕಾಯಿ ಕಚ್ಚುವುದಿಲ್ಲ.