ತೇಜ್ ಆದಮೇಲೆ ಮುರಸು ಯಾಕೆ ಬರಲಿಲ್ಲ?

ನಮ್ಮ ಬಂಗಾಳಕೊಲ್ಲಿ, ಅರಬ್ಬಿ ಸಮುದ್ರದ ಚಂಡಮಾರುತಗಳ ಹೆಸರಿನ ಚಾರ್ಟ್ ಬರೆಯುತ್ತಿರುವ ನಿಮ್ಮ ಮಗಳಿಗೆ ಈ ಗೊಂದಲ ಬಂದಿದೆ ಅಂತ ಕೇಳಿದ್ದೀರಿ. ಅವಳು ಹೆಸರುಗಳ ಪಟ್ಟಿಯನ್ನು ಅಡ್ಡಡ್ಡ ಓದಿರಬೇಕು. ಚಾರ್ಟ್ ನೋಡದೆ ಹೇಳುತ್ತಿದ್ದೇನೆ, ಆದರೂ ತೇಜ್ ಪಕ್ಕ ಮುರಸು ಇದೆ, ಆದರೆ ಪೇಪರಿನಲ್ಲಿ ತೇಜ್ ಆದಮೇಲೆ ಹಮೂನ್ ಬಂತು ಅಂದರೆ ಬೇರೆ ಕಾರಣ ಹೊಳೆಯುತ್ತಿಲ್ಲ. ಮಂಡ್ಯದಲ್ಲಿ ವಿಜ್ಞಾನ ಮೇಳಕ್ಕೆ ಇದೇ ಚಾರ್ಟ್ ಬರೆಸುವಾಗ ನಾವೂ ಇಲ್ಲೇ ಎಡವಿದ್ದೆವು.

ಅಡ್ಡಸಾಲಿನಲ್ಲಿರುವುದು ಒಂದೇ ದೇಶ ಕೊಟ್ಟ ಹೆಸರುಗಳು. ತೇಜ್, ಮುರಸು ಎರಡೂ ಭಾರತದ್ದೇ. ಬಳಸುವುದು ಮೇಲಿಂದ ಕೆಳಕ್ಕೆ, ಮಗ್ಗಿ ಓದಿದ ಹಾಗೆ. ಮೊದಲು ಎಡಗಡೆ ದೇಶಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಬರೆಸಿ, ಬಾಂಗ್ಲಾದೇಶದಿಂದ ಯೆಮೆನ್‌ವರೆಗೆ 13. ಆಮೇಲೆ ಮೊದಲ ಕಾಲಂ ನಿಸರ್ಗದಿಂದ ಮೋಖಾವರೆಗೆ ಇಳಿಯಲಿ. ಎರಡನೆಯದು ಬಿಪರ್‌ಜಾಯ್‌ನಿಂದ ಶುರು, ಅದರ ಕೆಳಗೆ ತೇಜ್, ಹಮೂನ್. ಹೀಗೆ 13 ಕಾಲಂ, 169 ಹೆಸರು. ಇದು 2020ರ ಪಟ್ಟಿ. ಸುಮ್ನೆ ಅಂಫಾನ್ ಹುಡುಕಬೇಡಿ, ಅದು ಹಳೇ ಪಟ್ಟಿಯ ಕೊನೇ ಹೆಸರು.

ವಾಯುಭಾರ ಕುಸಿತದಿಂದ ಅಷ್ಟು ಮಳೆ ಬಂದರೂ ಹೆಸರು ಯಾಕಿಲ್ಲ ಅಂತ ಕೇಳಿದ್ದೀರಿ. ಹೆಸರು ಮಳೆಗಲ್ಲ, ಗಾಳಿಗೆ. ಅದು ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಭಾರತೀಯ ಹವಾಮಾನ ಇಲಾಖೆ ಹೆಸರಿಡುತ್ತದೆ. ಅದಕ್ಕಿಂತ ಕಡಿಮೆ ಗಾಳಿಯ ಕುಸಿತವೂ ಗದ್ದೆ ಮುಳುಗಿಸಬಹುದು, ಅದು ಬೇರೆ ಮಾತು. 2024ರ ಫೆಂಗಲ್ ಪುದುಚೇರಿ ಹತ್ತಿರ ದಡ ಮುಟ್ಟಿ, ಸೊರಗಿದ ಮೇಲೂ ನಮ್ಮ ಮೈಸೂರು ಕಡೆ ಮಳೆ ಸುರಿಸಿತ್ತು, ಅಲ್ವಾ?

ಚಾರ್ಟಿನ ಕೆಳಗೆ ಬರೆದಿರುವ ಕತ್ರೀನಾ ತೆಗೆಸಿಬಿಡಿ. ಅದು ಅಟ್ಲಾಂಟಿಕ್ ಸಾಗರದ ಚಂಡಮಾರುತದ ಹೆಸರು. ಅಲ್ಲಿ 6 ಪಟ್ಟಿಗಳು ವರ್ಷಕ್ಕೊಂದರಂತೆ ತಿರುಗುತ್ತವೆ. ನಮ್ಮಲ್ಲಿ ಒಮ್ಮೆ ಬಳಸಿದ ಹೆಸರು ಮತ್ತೆ ಬರುವುದಿಲ್ಲ.