ನೈಟಿ ಡಿಸೈನ್‌ಗೆ ಹೊಸ ಐಡಿಯಾ: ಹಳೇ ನೈಟಿಗಳನ್ನೇ ನೋಡಿ

ಎಷ್ಟು ನೈಟಿ ಹೊಲಿದರೂ ಒಂದೇ ಥರ ಕಾಣುತ್ತೆ, ಹೊಸ ಡಿಸೈನ್ ಹೇಗೆ ಹುಡುಕೋದು ಅಂತ ಬರೆದು ಕೇಳಿದ್ದೀರಿ. ಬಹುಶಃ ನೀವು ಫೋಟೋ ನೋಡಿ ಶುರು ಮಾಡ್ತಿದ್ದೀರಿ. ಫೋಟೋದಲ್ಲಿ ಹೆಂಗಸು ನಿಂತಿರುತ್ತಾಳೆ. ನೈಟಿ ಇರೋದು ಮಲಗೋದಕ್ಕೆ, ಅಲ್ವಾ?

ಮೊದಲು ಮನೆಯವರ, ಅಕ್ಕಪಕ್ಕದವರ ನಾಲ್ಕೈದು ಹಳೇ ನೈಟಿ ಕೇಳಿ ತನ್ನಿ. ಎಲ್ಲಿ ಹರಿದಿದೆ, ಎಲ್ಲಿ ತೇಪೆ ಬಿದ್ದಿದೆ ನೋಡಿ. ನಮ್ಮಮ್ಮ ಎದೆಯ ಜಿಪ್ ಕಿತ್ತು ಮೂರು ಪ್ರೆಸ್ ಬಟನ್ ಹಾಕಿಕೊಂಡಿದ್ದರು. ಮಗ್ಗುಲಾದಾಗ ಜಿಪ್ ಒತ್ತುತ್ತಿತ್ತಂತೆ. ಕಂಕುಳ ಹೊಲಿಗೆಯನ್ನೂ ಬಿಚ್ಚಿ ಬೇರೆ ಬಟ್ಟೆ ಸೇರಿಸಿದ್ದರು. ನನ್ನ ಮುಂದಿನ ಮೂರು ಮಾದರಿ ಹುಟ್ಟಿದ್ದು ಆ ಒಂದು ನೈಟಿಯಿಂದ.

ಆಮೇಲೆ ಅಲಂಕಾರ. ಧಾರವಾಡದ ಕಡೆಯ ಕಸೂತಿ ನೋಡಿ. ಅದರಲ್ಲಿ ಗಂಟು ಹಾಕಲ್ಲ. ಅದರಲ್ಲಿ ಗವಂತಿ ಅನ್ನೋ ಹೊಲಿಗೆ (ಬಿಟ್ಟು ಬಿಟ್ಟು ಹೊಲಿದು, ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ಜಾಗ ತುಂಬೋದು) ಎರಡೂ ಬದಿ ಒಂದೇ ಥರ ಬರುತ್ತೆ, ಹಾಗಾಗಿ ಮೈಗೆ ಚುಚ್ಚಲ್ಲ. ಗೋಪುರವೋ ತುಳಸಿಕಟ್ಟೆಯೋ, ಒಂದೇ ಚಿತ್ತಾರ ತೋಳಿನ ಅಂಚಿಗೆ ಸಾಕು. ಬಟ್ಟೆ ಯಾವುದು ಅಂತ ನೀವು ಬರೆದಿಲ್ಲ. ತೀರಾ ತೆಳು ಇದ್ದರೆ ದಾರ ಎಳೆದು ಸುಕ್ಕಾಗಬಹುದು, ಚೂರು ತುಂಡಿನ ಮೇಲೆ ಮಾಡಿ ನೋಡಿ.

ಮಾದರಿ ಆದ ಮೇಲೆ ಒಂದು ವಾರ ನೀವೇ ಹಾಕಿಕೊಂಡು ಮಲಗಿ. ಬೆಳಗ್ಗೆ ಎದ್ದ ತಕ್ಷಣ ಎಲ್ಲಿ ಸುತ್ತಿಕೊಂಡಿದೆ, ಎಲ್ಲಿ ಒತ್ತಿದೆ ಅಂತ ಬರೆದಿಡಿ. ಮುಂದಿನ ಕಟಿಂಗ್ ಅಲ್ಲಿಂದ ಶುರು ಮಾಡಿ.