ಎಲ್ಲರಿಗೂ ಸಿಟ್ಟು ಬಂದಿರಲಿಲ್ಲ

2012ರಲ್ಲಿ ಡಿಸ್ನಿಯವರು ಸ್ಟಾರ್ ವಾರ್ಸ್ ತಯಾರಿಸುವ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಕೊಂಡಾಗ ಸ್ಟಾರ್ ವಾರ್ಸ್ ಅಭಿಮಾನಿಗಳಿಗೆಲ್ಲ ಸಿಟ್ಟು ಬಂದಿತ್ತಾ ಅಂತ ಕೇಳಿದ್ದೀರಿ. ಇಲ್ಲ. ಸುಮಾರು 405 ಕೋಟಿ ಡಾಲರ್ ವ್ಯವಹಾರದ ಜೊತೆಗೇ 2015ಕ್ಕೆ ಏಳನೇ ಚಿತ್ರ ಬರುತ್ತೆ ಅಂತಲೂ ಹೇಳಿದ್ದರು. 1999ರಿಂದ ಬಂದ ಮೂರು ಚಿತ್ರ ಹಿಡಿಸದವರಿಗೆ ಅದು ಖುಷಿಯ ಸುದ್ದಿಯೇ. ಸ್ಟಾರ್ ವಾರ್ಸ್ ಖಳನಾಯಕ ಡಾರ್ತ್ ವೇಡರ್ ತಲೆಗೆ ಡಿಸ್ನಿಯ ಮಿಕ್ಕಿ ಮೌಸ್ ಕಿವಿ ಅಂಟಿಸಿ ನಕ್ಕವರೂ ಇದ್ದರು.

ಜಾಸ್ತಿ ನೋವಾಗಿದ್ದು ಓದುಗರಿಗೆ. 2014ರಲ್ಲಿ ಸ್ಟಾರ್ ವಾರ್ಸ್‌ನ ಹಳೆಯ ಕಾದಂಬರಿ, ಕಾಮಿಕ್ಸ್‌ಗಳಿಗೆಲ್ಲ 'ಲೆಜೆಂಡ್ಸ್' ಅಂತ ಹಣೆಪಟ್ಟಿ ಹಚ್ಚಿ, ಅಧಿಕೃತ ಕಥೆಯಿಂದ ಹೊರಗಿಟ್ಟರು. ವರ್ಷಗಟ್ಟಲೆ ಓದಿದ್ದು ಒಂದೇ ಪ್ರಕಟಣೆಯಲ್ಲಿ 'ನಡೆದೇ ಇಲ್ಲ' ಅಂದಂತಾಯ್ತು, ಅಲ್ವಾ? ಹೊಸ ಚಿತ್ರದ ಶುರುವಿನಲ್ಲಿ ಹಳೆಯ ಚಿತ್ರಗಳನ್ನು ಬಿಡುಗಡೆ ಮಾಡಿದ್ದ ಫಾಕ್ಸ್ ಕಂಪನಿಯ ಆ ಡ್ರಮ್ಮು, ತುತ್ತೂರಿ ಕೇಳಿಸದೇ ಹೋಗಿದ್ದು ಸಣ್ಣ ವಿಷಯ. ನನಗೆ ಮಾತ್ರ ಅದೇ ಜಾಸ್ತಿ ಚುಚ್ಚಿತು.